ಜನರನ್ನು ಎರಡು ಪಾಲು ಮಾಡುವ ಎಡಪಕ್ಷದ ನಾಯಕ ಸಾರ್ವತ್ರಿಕ ಚುನಾವಣೆ ಗೆಲ್ಲಬಲ್ಲನೇ?

(ರಾಯಚೂರಿನಲ್ಲಿ ಅಧ್ಯಾಪಕರು, ವಿದ್ಯಾರ್ಥಿಗಳು ಮತ್ತು ಕಾರ್ಮಿಕ ಸಂಘಟನೆಗಳ ಕಾರ್ಯಕರ್ತರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಅವುಗಳಿಗೆ ಕೊಟ್ಟ ಉತ್ತರಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

2015ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಲೇಬರ್ ಪಕ್ಷದ ಸದಸ್ಯರು ಜೆರೆಮಿ ಕಾರ್ಬಿನ್ ಅವರನ್ನು ತಮ್ಮ ನಾಯಕರನ್ನಾಗಿ ಆರಿಸಿದರು. ಅಂದಿನಿಂದ 2019ರ ಡಿಸೆಂಬರ್‌ನ ಸೋಲಿನವರೆಗೆ ಆ ದೇಶದ ಪತ್ರಿಕೆಗಳು, ಟಿವಿ ವಾಹಿನಿಗಳು ಮತ್ತು ಸ್ವತಃ ಅವರ ಪಕ್ಷದ ಸಂಸದರು ಬಿಡದೆ ಕೇಳುತ್ತ ಬಂದ ಪ್ರಶ್ನೆಯೇ ಇಂದಿನ ವಿಷಯ. ಒಂದಷ್ಟು ಜನ ತಲೆಯ ಮೇಲೆ ಹೊತ್ತು ಮೆರೆಸುವ, ಇನ್ನೊಂದಷ್ಟು ಜನ ಹೆಸರು ಕೇಳಿದರೆ ಸಿಡಿಮಿಡಿಗೊಳ್ಳುವ ಎಡಪಂಥೀಯ ನಾಯಕ ಇಡೀ ದೇಶದ ಚುನಾವಣೆಯನ್ನು ಗೆಲ್ಲಬಲ್ಲನೇ? ಕಾರ್ಬಿನ್ ಸೋತರು, ಪ್ರಶ್ನೆ ಅಲ್ಲಿಗೆ ಮುಗಿಯಿತು ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಾರ್ಬಿನ್ ಎರಡು ಸಾರ್ವತ್ರಿಕ ಚುನಾವಣೆಗಳಲ್ಲಿ ಪಕ್ಷವನ್ನು ಮುನ್ನಡೆಸಿದರು. ಎರಡರಲ್ಲೂ ವ್ಯಕ್ತಿ ಅವರೇ, ಕಾರ್ಯಕ್ರಮವೂ ಹೆಚ್ಚುಕಡಿಮೆ ಅದೇ, ಅವರನ್ನು ಕಂಡರಾಗದ ಪತ್ರಿಕೆಗಳೂ ಅವೇ. ಆದರೂ ಎರಡು ಫಲಿತಾಂಶಗಳ ನಡುವೆ ಅಜಗಜಾಂತರವಿತ್ತು. ಬದಲಾದದ್ದು ಏನು ಎಂದು ಹುಡುಕಿದರೆ ನಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಮೊದಲು ಅವರು ನಾಯಕರಾದ ಬಗೆಯನ್ನು ನೋಡೋಣ. 1983ರಿಂದ ಲಂಡನ್ನಿನ ಇಸ್ಲಿಂಗ್ಟನ್ ನಾರ್ತ್ ಕ್ಷೇತ್ರದ ಸಂಸದರಾಗಿದ್ದ ಕಾರ್ಬಿನ್, ಯುದ್ಧವಿರೋಧಿ ಸಭೆಗಳಲ್ಲಿ, ಕಾರ್ಮಿಕರ ಮುಷ್ಕರಗಳಲ್ಲಿ ಕಾಣಿಸಿಕೊಳ್ಳುತ್ತಿದ್ದ ಹಿಂದಿನ ಬೆಂಚಿನ ಸದಸ್ಯರು. ನಾಯಕತ್ವದ ಸ್ಪರ್ಧೆಗೆ 35 ಸಂಸದರ ಸೂಚನೆ ಬೇಕಿತ್ತು. ಅವರಿಗೆ ಸಿಕ್ಕದ್ದು 36. ಸೂಚಿಸಿದ ಆ ಸಂಸದರಲ್ಲಿ ಹಲವರು ಕಾರ್ಬಿನ್ ಬೆಂಬಲಿಗರೇ ಆಗಿರಲಿಲ್ಲ. ಚರ್ಚೆಯಲ್ಲಿ ಎಡಪಂಥದ ದನಿಯೂ ಇರಲಿ ಎಂದು ಸಹಿ ಮಾಡಿದವರು. ಮತ ಎಣಿಸಿದಾಗ ಅವರಿಗೆ ಸೇಕಡಾ 59.5 ಮತಗಳು ಬಂದಿದ್ದವು. 2016ರ ಜೂನ್‌ನಲ್ಲಿ ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೋ ಹೊರಬರಬೇಕೋ ಎಂಬ ಜನಮತಗಣನೆ ಮುಗಿದ ಕೂಡಲೇ ಲೇಬರ್ ಸಂಸದರು 172–40 ಮತಗಳಿಂದ ಅವರ ಮೇಲೆ ಅವಿಶ್ವಾಸ ಸೂಚಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಪಕ್ಷದ ಸದಸ್ಯರು ಸೇಕಡಾ 61.8 ಮತಗಳನ್ನು ಕೊಟ್ಟು ಅವರನ್ನೇ ಮರಳಿ ಕೂರಿಸಿದರು. ಅಂದರೆ ದೇಶಕ್ಕಿಂತ ಮೊದಲು ಒಡೆದದ್ದು ಅವರ ಪಕ್ಷ. ತನ್ನದೇ ಶಾಸಕಾಂಗ ಪಕ್ಷದ ಮುಕ್ಕಾಲು ಪಾಲು ಜನ ನಂಬದ ನಾಯಕ, ನನ್ನನ್ನು ನಂಬಿ ಎಂದು ದೇಶವನ್ನು ಕೇಳಬೇಕಾಗಿ ಬಂತು. ಈ ಭಾರವನ್ನು ಅವರು ಕೊನೆಯವರೆಗೂ ಇಳಿಸಲಾಗಲಿಲ್ಲ.

ಆದರೂ 2017ರ ಜೂನ್ 8ರಂದು ನಡೆದದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಸಮೀಕ್ಷೆಗಳಲ್ಲಿ ಬಹಳ ಮುಂದಿದ್ದ ಪ್ರಧಾನಿ ಥೆರೇಸಾ ಮೇ, ಲೇಬರ್ ಪಕ್ಷವನ್ನು ನೆಲಕಚ್ಚಿಸುವ ವಿಶ್ವಾಸದಿಂದ ಅವಧಿಗೆ ಮುನ್ನವೇ ಚುನಾವಣೆ ಕರೆದರು. ಕಾರ್ಬಿನ್ ರೈಲು, ನೀರು ಮತ್ತು ಅಂಚೆ ಸೇವೆಗಳನ್ನು ಮರಳಿ ಸಾರ್ವಜನಿಕ ಒಡೆತನಕ್ಕೆ ತರುವುದಾಗಿ, ವಿಶ್ವವಿದ್ಯಾಲಯದ ಬೋಧನಾ ಶುಲ್ಕವನ್ನು ರದ್ದು ಮಾಡುವುದಾಗಿ, ಹೆಚ್ಚಿನ ಆದಾಯದವರ ತೆರಿಗೆ ಏರಿಸುವುದಾಗಿ ಹೇಳಿ ಊರೂರು ಸುತ್ತಿದರು. 2015ರಲ್ಲಿ ಸೇಕಡಾ 30.4 ಇದ್ದ ಲೇಬರ್ ಮತ 40ಕ್ಕೆ ಏರಿತು. ಎರಡು ಸಾರ್ವತ್ರಿಕ ಚುನಾವಣೆಗಳ ನಡುವೆ ಆ ಪಕ್ಷ ಇಷ್ಟು ದೊಡ್ಡ ಜಿಗಿತ ಕಂಡದ್ದು 1945ರ ನಂತರ ಅದೇ ಮೊದಲು. ಮೇ ಅವರ ಬಲಪಂಥೀಯ ಕನ್ಸರ್ವೇಟಿವ್ ಪಕ್ಷ 317 ಸ್ಥಾನಗಳಿಗೆ ಇಳಿದು ಬಹುಮತ ಕಳೆದುಕೊಂಡಿತು. ಉತ್ತರ ಐರ್ಲೆಂಡಿನ 10 ಸದಸ್ಯರ ಪಕ್ಷವೊಂದರ ಆಸರೆ ಪಡೆದು ಸರ್ಕಾರ ಉಳಿಸಿಕೊಂಡಿತು. ಲೇಬರ್‌ಗೆ ಬಂದ ಸ್ಥಾನಗಳು 262. ಗೆಲುವಲ್ಲ, ಸೋಲೇ, ಆದರೆ ಇಂಥ ನಾಯಕನಿಗೆ ಮತವೇ ಬರುವುದಿಲ್ಲ ಎಂಬ ವಾದ ಅಂದು ಸುಳ್ಳಾಯಿತು.

ಇಲ್ಲಿ ಒಂದು ಅಡ್ಡಮಾತು ಅಗತ್ಯ. ಸೇಕಡಾ 40 ಮತ ಪಡೆದ ಕಾರ್ಬಿನ್ 262 ಸ್ಥಾನ ಗೆದ್ದರು. ಅದೇ ಪಕ್ಷದ ಕಿಯರ್ ಸ್ಟಾರ್ಮರ್ 2024ರಲ್ಲಿ ಸೇಕಡಾ 33.7 ಮತ ಪಡೆದು 411 ಸ್ಥಾನ ಗೆದ್ದರು. ಮತಗಳ ಸಂಖ್ಯೆಯಲ್ಲೇ ಹೇಳುವುದಾದರೆ ಕಾರ್ಬಿನ್ ನಾಯಕತ್ವದಲ್ಲಿ 2017ರಲ್ಲಿ ಬಂದದ್ದು 1 ಕೋಟಿ 28 ಲಕ್ಷ; ಹೀನಾಯ ಸೋಲಿನ 2019ರಲ್ಲಿ ಬಂದದ್ದು 1 ಕೋಟಿ 2 ಲಕ್ಷ; ಸ್ಟಾರ್ಮರ್ ಭಾರಿ ಬಹುಮತ ಪಡೆದಾಗ ಬಂದದ್ದು ಸುಮಾರು 97 ಲಕ್ಷ. ಕನ್ನಡದ ಓದುಗರಿಗೆ ಇದು ಒಗಟಾಗಬೇಕಿಲ್ಲ. ನಮ್ಮ ವಿಧಾನಸಭೆಯಲ್ಲಿ ಬಿಜೆಪಿ 2018ರಲ್ಲೂ 2023ರಲ್ಲೂ ಸುಮಾರು ಸೇಕಡಾ 36ರಷ್ಟು ಮತವನ್ನೇ ಪಡೆಯಿತು, ಆದರೆ ಮೊದಲ ಸಲ 104 ಸ್ಥಾನ, ಎರಡನೆಯ ಸಲ 66. ಅದರ ಮತ ಕರಗಲಿಲ್ಲ. ಜೆಡಿಎಸ್‌ನ ಮತ ಸೇಕಡಾ 18ರಿಂದ 13ಕ್ಕೆ ಕುಸಿದು ಎದುರು ಪಾಳಯದ ಮತ ಒಂದೆಡೆ ಕ್ರೋಡೀಕರಣಗೊಂಡಿತು. ಬ್ರಿಟನ್ನಿನಲ್ಲಿ 2017ರಲ್ಲಿ ನಡೆದದ್ದೂ ಇಂಥದ್ದೇ. ಐರೋಪ್ಯ ಒಕ್ಕೂಟದಿಂದ ಹೊರಬರಬೇಕೆನ್ನುತ್ತಿದ್ದ, 2015ರಲ್ಲಿ ಸೇಕಡಾ 12.6 ಮತ ಪಡೆದಿದ್ದ ಯುಕಿಪ್ ಪಕ್ಷ 2017ರಲ್ಲಿ 1.8ಕ್ಕೆ ಇಳಿದು, ಬಲಪಂಥದ ಮತಗಳಲ್ಲಿ ದೊಡ್ಡ ಪಾಲು ಕನ್ಸರ್ವೇಟಿವ್ ಬುಟ್ಟಿಗೆ ಬಿತ್ತು. 2019ರಲ್ಲಿ, ಒಕ್ಕೂಟದಿಂದ ಹೊರಬರುವುದಕ್ಕಾಗಿಯೇ (ಬ್ರೆಕ್ಸಿಟ್ ಎಂದರೆ ಅದೇ) ಹುಟ್ಟಿದ ಬ್ರೆಕ್ಸಿಟ್ ಪಕ್ಷವು ಕನ್ಸರ್ವೇಟಿವ್ ಹಿಡಿತದ 317 ಕ್ಷೇತ್ರಗಳಲ್ಲಿ ಅಭ್ಯರ್ಥಿಯನ್ನೇ ಹಾಕಲಿಲ್ಲ. 2024ರಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಅದೇ ಬ್ರೆಕ್ಸಿಟ್ ಪಕ್ಷ ಹೆಸರು ಬದಲಿಸಿಕೊಂಡ ರಿಫಾರ್ಮ್ ಪಕ್ಷ ಸೇಕಡಾ 14.3 ಮತ ಕಿತ್ತುಕೊಂಡು ಬಲಪಂಥವನ್ನು ಸೀಳಿತು. ತನ್ನನ್ನು ದ್ವೇಷಿಸುವವರು ಎಷ್ಟು ಮಂದಿ ಎಂಬುದಕ್ಕಿಂತ ಅವರೆಲ್ಲ ಒಂದೇ ಗುರುತಿಗೆ ಒತ್ತುತ್ತಾರೆಯೇ ಎಂಬುದು ಇಂಥ ನಾಯಕನಿಗೆ ಜೀವನ್ಮರಣದ ಪ್ರಶ್ನೆ. ಕಾರ್ಬಿನ್ ಪಾಲಿಗೆ ಎರಡು ಸಲವೂ ಅವರು ಒಂದೇ ಗುರುತಿಗೆ ಒತ್ತಿದರು. ಒಡಕು ತರುವ ನಾಯಕ ತೆರಬೇಕಾದ ನಿಜವಾದ ಬೆಲೆ ಇದು: ಆತ ತನ್ನವರನ್ನು ಎಷ್ಟು ಹುರಿದುಂಬಿಸುತ್ತಾನೋ ಎದುರಾಳಿಗಳನ್ನೂ ಅಷ್ಟೇ ಒಗ್ಗೂಡಿಸುತ್ತಾನೆ.

ಹಾಗಿದ್ದರೆ ಯಾರನ್ನೂ ನೋಯಿಸದ ನಾಯಕನೇ ಲೇಸು ಎನ್ನಬಹುದೇ? ನಮ್ಮ ಕಡೆಯ ಒಂದು ವಿಷಯದಿಂದ ಇದನ್ನು ವಿವರಿಸುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಗೇಜಿನ ಜಗಳ ಇಲ್ಲಿರುವ ಯಾರಿಗೂ ಹೊಸದಲ್ಲ. ಮೈಲ್ 69ರಲ್ಲಿ ಎಷ್ಟು ಅಡಿ ನೀರಿದೆ, ಮೈಲ್ 104ಕ್ಕೆ ಎಷ್ಟು ಬಂತು ಎಂಬುದರ ಮೇಲೆ ಮಾನ್ವಿ, ಸಿರವಾರ ಮತ್ತು ರಾಯಚೂರು ತಾಲ್ಲೂಕುಗಳ ಕೊನೆಭಾಗದ ರೈತರ ಬೆಳೆ ನಿಂತಿದೆ. ಮೇಲ್ಭಾಗದಲ್ಲಿ ಬೆಳೆ ಪದ್ಧತಿ ಮೀರಿ ಭತ್ತ ನಾಟಿ ಮಾಡಿದರೆ, ಕಾಲುವೆಗೆ ಪಂಪ್‌ಸೆಟ್ ಇಟ್ಟು ನೀರೆತ್ತಿದರೆ, ಕೆಳಗೆ ಹತ್ತಿ, ಮೆಣಸಿನಕಾಯಿ, ಜೋಳ ಒಣಗುತ್ತವೆ. ‘ಎಲ್ಲ ರೈತರಿಗೂ ನೀರು ಸಿಗಬೇಕು’ ಎಂದು ಹೇಳುವ ಮುಖಂಡನನ್ನು ಯಾರೂ ವಿರೋಧಿಸುವುದಿಲ್ಲ. ಆತನಿಂದ ಯಾರ ಹೊಲಕ್ಕೂ ಹೆಚ್ಚಿಗೆ ಒಂದು ಹನಿ ನೀರೂ ಹರಿಯುವುದಿಲ್ಲ. ‘ಮೇಲಿನ ಅಕ್ರಮ ಪಂಪ್‌ಸೆಟ್ ಕೀಳಿಸುತ್ತೇನೆ’ ಎಂದು ಹೇಳುವವನು ಅಂದೇ ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಅನೇಕರಿಗೆ ವೈರಿಯಾಗುತ್ತಾನೆ. ನೀರಿನ ಹಂಚಿಕೆಯಂತೆಯೇ ಸಂಪತ್ತಿನ ಹಂಚಿಕೆಯನ್ನು ಬದಲಿಸುತ್ತೇನೆ ಎನ್ನುವ ಯಾವ ರಾಜಕಾರಣವೂ ಯಾರನ್ನೋ ಎದುರು ಹಾಕಿಕೊಳ್ಳದೆ ನಡೆಯಲಾರದು. ಎಡಪಕ್ಷದ ನಾಯಕನಿಗೆ ಒಡಕು ತಪ್ಪಿದ್ದಲ್ಲ. ಗೆರೆಯನ್ನು ಯಾವ ಮೈಲಿಯಲ್ಲಿ ಎಳೆಯುತ್ತಾನೆ, ಎಳೆದ ಮೇಲೆ ಯಾವ ಬದಿಯಲ್ಲಿ ಹೆಚ್ಚು ಜನ ನಿಲ್ಲುತ್ತಾರೆ ಎಂಬುದಷ್ಟೇ ಅವನ ಕೈಯಲ್ಲಿರುವ ವಿಷಯ.

2017ರಲ್ಲಿ ಕಾರ್ಬಿನ್ ಗೆರೆ ಎಳೆದದ್ದು ಸರ್ಕಾರಿ ಖರ್ಚಿನ ಕಡಿತದ ಪ್ರಶ್ನೆಯ ಮೇಲೆ. ಆಸ್ಪತ್ರೆ, ಶಾಲೆ, ಬಾಡಿಗೆ, ಶುಲ್ಕ: ಇವುಗಳಿಂದ ಬಳಲಿದ್ದವರೆಲ್ಲ ಅವರ ಬದಿಗೆ ಬಂದರು. 2019ರಲ್ಲಿ ಗೆರೆ ಎಳೆದವರು ಕನ್ಸರ್ವೇಟಿವ್ ಪ್ರಧಾನಿ ಬೋರಿಸ್ ಜಾನ್ಸನ್. ಐರೋಪ್ಯ ಒಕ್ಕೂಟದಿಂದ ಹೊರಬರುವ ಕೆಲಸವನ್ನು ಮುಗಿಸಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆಯನ್ನು ಅವರು ದೇಶದ ಮುಂದಿಟ್ಟರು. ಲೇಬರ್ ಪಕ್ಷದ ಸ್ಥಿತಿ ಇಕ್ಕಟ್ಟಿನದಾಗಿತ್ತು: ಅದರ ಬೆಂಬಲಿಗರಲ್ಲಿ ಹೆಚ್ಚಿನವರು ಒಕ್ಕೂಟದಲ್ಲಿ ಉಳಿಯಬೇಕೆನ್ನುವವರು, ಅದು ಗೆದ್ದಿದ್ದ ಕ್ಷೇತ್ರಗಳಲ್ಲಿ ಹೆಚ್ಚಿನವು ಹೊರಬರಲು ಮತ ಹಾಕಿದ್ದಂಥವು. ಹೊಸದಾಗಿ ಒಪ್ಪಂದ ಮಾಡಿಕೊಂಡು ಅದನ್ನು ಮತ್ತೊಮ್ಮೆ ಜನಮತಗಣನೆಗೆ ಒಡ್ಡುತ್ತೇವೆ, ಆಗ ನಾನು ತಟಸ್ಥನಾಗಿರುತ್ತೇನೆ ಎಂದು ಕಾರ್ಬಿನ್ ಹೇಳಿದರು. ಜೀವಮಾನವಿಡೀ ಒಂದು ಬದಿಗೆ ನಿಂತು ಮಾತಾಡಿದ್ದ ಮನುಷ್ಯ, ಇಡೀ ದೇಶ ‘ನೀನು ಯಾವ ಬದಿ’ ಎಂದು ಕೇಳಿದ ಹೊತ್ತಿನಲ್ಲಿ ನಡುವೆ ನಿಂತರು. ಅವರ ಸೋಲಿಗೆ ಅವರು ತಂದ ಒಡಕೇ ಕಾರಣ ಎಂಬ ವಿವರಣೆ ನನಗೆ ಅರೆಬರೆ ಅನ್ನಿಸುವುದು ಇದಕ್ಕಾಗಿ. ಗೆರೆ ಎಳೆಯಲೇಬೇಕಾಗಿದ್ದ ಒಂದು ಪ್ರಶ್ನೆಯಲ್ಲಿ ಅವರು ಎಳೆಯಲಿಲ್ಲ. ಉಳಿದ ಪ್ರಶ್ನೆಗಳಲ್ಲಿ ಎಳೆದ ಗೆರೆಗಳನ್ನು ಆ ಒಂದು ಗೆರೆ ಅಳಿಸಿಹಾಕಿತು. ಲೇಬರ್ ಮತ 32.1ಕ್ಕೆ ಕುಸಿಯಿತು, ಸ್ಥಾನ 202. 1935ರ ನಂತರ ಆ ಪಕ್ಷ ಅಷ್ಟು ಕಡಿಮೆ ಸ್ಥಾನ ಕಂಡಿರಲಿಲ್ಲ. ಕನ್ಸರ್ವೇಟಿವ್ ಮತವಾದರೋ ಎರಡು ವರ್ಷಗಳಲ್ಲಿ ಹೆಚ್ಚಿದ್ದು ಸೇಕಡಾ ಒಂದಕ್ಕಿಂತ ತುಸು ಹೆಚ್ಚು ಅಷ್ಟೇ.

ಅಂದು ಸೋತ ಕ್ಷೇತ್ರಗಳಲ್ಲಿ ಡರ್ಬಿಶೈರ್‌ನ ಬೋಲ್ಸೋವರ್ ಒಂದು. ಕಲ್ಲಿದ್ದಲು ಗಣಿಗಳ ಸೀಮೆ. ಸ್ವತಃ ಗಣಿ ಕಾರ್ಮಿಕರಾಗಿದ್ದ ಡೆನಿಸ್ ಸ್ಕಿನ್ನರ್ 1970ರಿಂದ ಎಡೆಬಿಡದೆ ಗೆಲ್ಲುತ್ತ ಬಂದಿದ್ದರು. ಆ ಭಾಗದ ನೂರಕ್ಕೆ 70 ಮಂದಿ ಒಕ್ಕೂಟದಿಂದ ಹೊರಬರಲು ಮತ ಹಾಕಿದ್ದರು. ಸ್ಕಿನ್ನರ್ ಅವರ ನಿಲುವೂ ಅದೇ ಆಗಿತ್ತು. ಆದರೂ ಅವರು ಸೋತರು. ಹಟ್ಟಿ ಚಿನ್ನದ ಗಣಿಯಿಂದ ಬಂದಿರುವ ಗೆಳೆಯರು ಇದನ್ನು ಗಮನವಿಟ್ಟು ಕೇಳಬೇಕು. ಗಣಿ ನಡೆಯುವಷ್ಟು ದಿನ ಪಾಳಿ ಮುಗಿಸಿ ಬಂದವರು ಸಂಘದ ಕಚೇರಿಯಲ್ಲಿ ಸೇರುತ್ತಾರೆ, ಅಪಘಾತದ ಪರಿಹಾರದಿಂದ ಹಿಡಿದು ಮಗನ ನೌಕರಿಯವರೆಗೆ ಅಲ್ಲೇ ಮಾತಾಗುತ್ತದೆ, ಓಟು ಯಾರಿಗೆ ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ಗಣಿ ಮುಚ್ಚಿದ ಮೇಲೆ ಆ ಕಚೇರಿಗೆ ಬರುವವರಿಲ್ಲ. ಬೋಲ್ಸೋವರ್ ಸುತ್ತಲಿನ ಗಣಿಗಳು ಮುಚ್ಚಿ ಕಾಲು ಶತಮಾನ ಕಳೆದಿತ್ತು. ಒಂದು ಕಾಲಕ್ಕೆ ಎಡಪಕ್ಷಗಳ ಶಾಸಕರನ್ನು ಆರಿಸಿ ಕಳಿಸುತ್ತಿದ್ದ ನಮ್ಮ ಕೆಜಿಎಫ್‌ನಲ್ಲೂ 2001ರಲ್ಲಿ ಗಣಿ ನಿಂತಿತು. ಇಂದು ಅಲ್ಲಿ ಆ ಪಕ್ಷಗಳ ಬಲ ಎಷ್ಟಿದೆ ಎಂಬುದನ್ನು ನೀವೇ ಬಲ್ಲಿರಿ. ಇಂಥ ಊರುಗಳಲ್ಲಿ ಪಕ್ಷ ಸೋತದ್ದಕ್ಕೆ ಕಾರ್ಬಿನ್ ಒಬ್ಬರನ್ನೇ ಹೊಣೆ ಮಾಡುವುದು ನ್ಯಾಯವಲ್ಲ, ಏಕೆಂದರೆ ಆ ಮತದ ಬೇರು ಅವರು ನಾಯಕರಾಗುವ ಮೊದಲೇ ಸಡಿಲಾಗಿತ್ತು.

ಆದರೆ ಅವರ ಹೊಣೆ ಇರುವ ಕಡೆ ಅದನ್ನು ಮರೆಮಾಚಬಾರದು. 2019ರ ಸೆಪ್ಟೆಂಬರ್‌ನಲ್ಲಿ ಇಪ್ಸೋಸ್ ಸಂಸ್ಥೆಯ ಸಮೀಕ್ಷೆಯಲ್ಲಿ ಅವರ ಬಗ್ಗೆ ತೃಪ್ತಿ ಇದೆ ಎಂದವರು ಸೇಕಡಾ 16, ಇಲ್ಲ ಎಂದವರು 76. ಇಷ್ಟೊಂದು ಅತೃಪ್ತಿಗೆ ಪತ್ರಿಕೆಗಳ ಹಗೆತನ ಒಂದು ಕಾರಣ, ಪೂರ್ತಿ ಕಾರಣವಲ್ಲ. ಪಕ್ಷದೊಳಗೆ ಯಹೂದಿಗಳ ಮೇಲಿನ ದ್ವೇಷದ ದೂರುಗಳನ್ನು ಅವರ ನಾಯಕತ್ವ ನಿಭಾಯಿಸಿದ ರೀತಿ ಕೆಟ್ಟದಾಗಿತ್ತು. ಕಿರುಕುಳ ಮತ್ತು ತಾರತಮ್ಯದ ಕಾನೂನುಬಾಹಿರ ಕೃತ್ಯಗಳಿಗೆ ಪಕ್ಷವೇ ಹೊಣೆ ಎಂದು ಆ ದೇಶದ ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ 2020ರ ಅಕ್ಟೋಬರ್‌ನಲ್ಲಿ ಹೇಳಿತು. ಶ್ರೀಮಂತರ ತೆರಿಗೆಯ ಮೇಲೆ ಜನರನ್ನು ಎರಡು ಮಾಡುವುದು ರಾಜಕಾರಣ. ಒಂದು ಅಲ್ಪಸಂಖ್ಯಾತ ಸಮುದಾಯ ‘ಈ ಪಕ್ಷದಲ್ಲಿ ನಮಗೆ ರಕ್ಷಣೆ ಇಲ್ಲ’ ಎಂದು ಅಂಜುವಂತೆ ಆಗಗೊಡುವುದು ಎಡಪಂಥದ ಮೂಲ ಮಾತಿಗೇ ಮಾಡುವ ದ್ರೋಹ. ಈ ಎರಡನ್ನೂ ‘ವಿವಾದಾಸ್ಪದ’ ಎಂಬ ಒಂದೇ ಶಬ್ದದಲ್ಲಿ ಮುಚ್ಚಿಡಲು ನಾನು ಒಪ್ಪುವುದಿಲ್ಲ.

ಈ ಪ್ರಶ್ನೆಯನ್ನು ಎಡಪಂಥದವರಿಗೆ ಮಾತ್ರ ಕೇಳುವುದೇಕೆ ಎಂಬುದನ್ನೂ ಯೋಚಿಸಬೇಕು. ಬ್ರಿಟನ್ನನ್ನು ಕನ್ಸರ್ವೇಟಿವ್ ಪಕ್ಷದ ಮಾರ್ಗರೆಟ್ ಥ್ಯಾಚರ್ ಅವರಷ್ಟು ಸೀಳಿದ ಪ್ರಧಾನಿ ಇನ್ನೊಬ್ಬರಿಲ್ಲ. 1979, 1983, 1987ರಲ್ಲಿ ಅವರ ಪಕ್ಷ ಪಡೆದ ಮತ ಸೇಕಡಾ 43.9, 42.4, 42.2. ಪ್ರತಿ ಸಲವೂ ಅರ್ಧಕ್ಕಿಂತ ಹೆಚ್ಚು ಜನ ಅವರ ವಿರುದ್ಧವಿದ್ದರು. ಮೂರು ಸಲವೂ ಅವರೇ ಗೆದ್ದರು. 1983ರಲ್ಲಿ ಮೈಕೆಲ್ ಫೂಟ್ ಅವರ ಲೇಬರ್ 27.6, ಲಿಬರಲ್ ಮತ್ತು ಸೋಷಿಯಲ್ ಡೆಮಾಕ್ರಟ್ ಮೈತ್ರಿಕೂಟ 25.4. ಎದುರಾಳಿಗಳು ಸಮಸಮನಾಗಿ ಹರಿದು ಹಂಚಿಹೋದರು, ಥ್ಯಾಚರ್‌ಗೆ 397 ಸ್ಥಾನ ಬಂತು.

ಗೆದ್ದ ಎಡಪಂಥೀಯರ ಕಡೆಗೂ ನೋಡೋಣ. ಬ್ರೆಜಿಲ್‌ನ ಲೂಲಾ 1989, 1994, 1998ರ ಅಧ್ಯಕ್ಷೀಯ ಚುನಾವಣೆಗಳಲ್ಲಿ ಸತತವಾಗಿ ಸೋತರು. 2002ರಲ್ಲಿ ಜವಳಿ ಉದ್ಯಮಿ ಜೋಸೆ ಅಲೆಂಕಾರ್ ಅವರನ್ನು ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿ ಜೊತೆಗಿಟ್ಟುಕೊಂಡು, ದೇಶದ ಒಪ್ಪಂದಗಳನ್ನು ಗೌರವಿಸುತ್ತೇನೆಂದು ಬಹಿರಂಗ ಪತ್ರ ಬರೆದು ಸೇಕಡಾ 61ರಷ್ಟು ಮತದಿಂದ ಗೆದ್ದರು. ಶರಣಾಗತಿ ಎಂದು ಅವರ ಕಡೆಯವರೇ ಹಲವರು ಹಳಿದರು; ಆದರೆ ಬಡ ಕುಟುಂಬಗಳಿಗೆ ನೇರ ಹಣ ಕೊಡುವ ಬೋಲ್ಸಾ ಫಮೀಲಿಯಾ ಮರುವರ್ಷವೇ ಬಂತು. 2022ರಲ್ಲಿ ಅವರು ತಮ್ಮ ಹಳೆಯ ಎದುರಾಳಿ ಜೆರಾಲ್ಡೊ ಅಲ್ಕ್‌ಮಿನ್ ಅವರನ್ನೇ ಜೊತೆಗೆ ಕರೆದುಕೊಂಡು 50.9ಕ್ಕೆ 49.1ರ ಕೂದಲೆಳೆಯ ಅಂತರದಲ್ಲಿ ಗೆದ್ದರು. ಅರ್ಧ ದೇಶ ಅಂದೂ ಅವರನ್ನು ಒಪ್ಪಲಿಲ್ಲ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಶ್ರೀಲಂಕಾ. ಅನುರ ಕುಮಾರ ದಿಸ್ಸನಾಯಕೆ ಅವರ ಜೆವಿಪಿ 1971ರಲ್ಲಿ ಮತ್ತು 1987–89ರಲ್ಲಿ ಶಸ್ತ್ರ ಹಿಡಿದು ದಂಗೆಯೆದ್ದ ಪಕ್ಷ. ಅದರ ಹೆಸರಿಗೆ ರಕ್ತದ ಕಲೆ ಅಂಟಿತ್ತು. 2019ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅವರಿಗೆ ಸಿಕ್ಕದ್ದು ಸೇಕಡಾ 3.16. ಐದು ವರ್ಷದ ನಂತರ ಅವರೇ ಅಧ್ಯಕ್ಷರು. ನಡುವೆ 2022 ಬಂತು: ಪೆಟ್ರೋಲಿಗೆ, ಗ್ಯಾಸಿಗೆ, ಔಷಧಿಗೆ ಜನ ಸಾಲಿನಲ್ಲಿ ನಿಂತರು, ಅಧ್ಯಕ್ಷರು ದೇಶ ಬಿಟ್ಟು ಓಡಿಹೋದರು, ಹಳೆಯ ಎರಡು ಪಾಳಯಗಳ ಮೇಲೂ ಜನರಿಗೆ ಹೇಸಿಗೆ ಬಂತು. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಎಣಿಕೆಯಲ್ಲಿ ಅವರಿಗೆ ಬಂದದ್ದು 42.31 ಮಾತ್ರ, ಉಳಿದ ಮತ ಸಜಿತ್ ಪ್ರೇಮದಾಸ ಮತ್ತು ರನಿಲ್ ವಿಕ್ರಮಸಿಂಘೆ ನಡುವೆ ಒಡೆದಿತ್ತು. ಎರಡು ತಿಂಗಳಲ್ಲಿ ನಡೆದ ಸಂಸತ್ ಚುನಾವಣೆಯಲ್ಲಿ ಅವರ ಒಕ್ಕೂಟ 225ರಲ್ಲಿ 159 ಸ್ಥಾನ ಗೆದ್ದಿತು, ತಮಿಳರ ಜಾಫ್ನಾದಲ್ಲೂ ಮುಂದೆ ಬಂತು. ಅವರ ಪಕ್ಷದ ಚರಿತ್ರೆ ಐದು ವರ್ಷದಲ್ಲಿ ಬದಲಾಗಿರಲಿಲ್ಲ, ಗೆರೆ ಬದಲಾಗಿತ್ತು. ದೇಶವನ್ನು ದಿವಾಳಿ ಮಾಡಿದವರು ಒಂದು ಕಡೆ, ಅದರ ಪಾಡು ಪಟ್ಟವರು ಇನ್ನೊಂದು ಕಡೆ.

ಇಂಥ ತಿರುವು ನಮ್ಮ ನೆಲಕ್ಕೂ ಪರಕೀಯವಲ್ಲ. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ರಾಯಚೂರು, ಕೊಪ್ಪಳ ಹೈದರಾಬಾದ್ ರಾಜ್ಯದಲ್ಲಿದ್ದವು. ಅದೇ ರಾಜ್ಯದ ನಲ್ಗೊಂಡದಲ್ಲಿ, ತೆಲಂಗಾಣದ ಸಶಸ್ತ್ರ ಹೋರಾಟದ ಮುಂದಾಳು ರಾವಿ ನಾರಾಯಣ ರೆಡ್ಡಿ ಮೂರು ಲಕ್ಷಕ್ಕೂ ಹೆಚ್ಚು ಮತ ಪಡೆದು ಗೆದ್ದರು. ಅದು ನೆಹರೂ ಅವರಿಗೆ ಬಿದ್ದ ಮತಕ್ಕಿಂತಲೂ ಹೆಚ್ಚು. ದೇಶಮುಖ ಜಮೀನ್ದಾರರಿಗೆ ಅವರು ದುಃಸ್ವಪ್ನ, ಬಿಟ್ಟಿ ಚಾಕರಿ ಮಾಡಿದವರಿಗೆ ಬಂಧು. ಆ ಜಿಲ್ಲೆಯಲ್ಲಿ ಚಾಕರಿ ಮಾಡಿದವರು ಹೆಚ್ಚು ಜನವಿದ್ದರು.

ಇನ್ನು ಸಭಿಕರ ಪ್ರಶ್ನೆಗಳು.

ಅಧ್ಯಾಪಕರೊಬ್ಬರು ಕೇಳಿದರು: ಸ್ಟಾರ್ಮರ್ ಕಡಿಮೆ ಮತ ಪಡೆದೂ ಗೆದ್ದರೆಂದರೆ ಮೆತ್ತಗಾಗುವುದೇ ಜಾಣತನವಲ್ಲವೇ? ಗೆಲ್ಲಲು ಅದು ನೆರವಾಯಿತು ಎಂಬುದನ್ನು ಅಲ್ಲಗಳೆಯಲಾರೆ. ಲೇಬರ್ ಗೆದ್ದರೂ ಪರವಾಗಿಲ್ಲ ಎಂದು ಅನ್ನಿಸಿದ್ದರಿಂದಲೇ ಎದುರು ಪಾಳಯದ ಮತದಾರರು ನಿಶ್ಚಿಂತೆಯಿಂದ ಚದುರಿದರು. ಆದರೆ ಯಾರಿಗೂ ಭಯ ಹುಟ್ಟಿಸದೆ ಗೆದ್ದವನಿಗೆ ಯಾರ ಪ್ರೀತಿಯೂ ಗಟ್ಟಿಯಾಗಿ ಇರುವುದಿಲ್ಲ, ಆಳುವಾಗ ಮೊದಲ ಕಷ್ಟದಲ್ಲೇ ಅದು ಕಾಣುತ್ತದೆ. ಲೂಲಾ ಅವರ ದಾರಿ ನನಗೆ ಹೆಚ್ಚು ಹಿಡಿಸುವುದು ಅವರು ಜೊತೆಗಾರರನ್ನು ಬದಲಿಸಿದರೂ ಬಡವರ ಪರವಾದ ಮೂಲ ಬೇಡಿಕೆಯನ್ನು ಬಿಡಲಿಲ್ಲ ಎಂಬ ಕಾರಣಕ್ಕೆ. ಅದೇ 2024ರ ಚುನಾವಣೆಯಲ್ಲಿ ಪಕ್ಷದಿಂದ ಹೊರಗಾದ ಕಾರ್ಬಿನ್, ಇಸ್ಲಿಂಗ್ಟನ್ ನಾರ್ತ್‌ನಲ್ಲಿ ಪಕ್ಷೇತರರಾಗಿ ನಿಂತು ಲೇಬರ್ ಅಭ್ಯರ್ಥಿಯನ್ನೇ ಸೋಲಿಸಿದರು ಎಂಬುದನ್ನೂ ಮರೆಯಬಾರದು. ನಲವತ್ತು ವರ್ಷ ಮನೆಮನೆ ಬಲ್ಲ ಮನುಷ್ಯನ ಬಗ್ಗೆ ಪತ್ರಿಕೆಗಳು ಏನು ಬರೆದರೂ ಆ ಓಣಿಗಳಲ್ಲಿ ನಡೆಯಲಿಲ್ಲ.

ಎರಡನೆಯ ಪ್ರಶ್ನೆ ಕೇಳಿದವರು ಸಿರವಾರ ಕಡೆಯ ಒಬ್ಬ ಆಶಾ ಕಾರ್ಯಕರ್ತೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಗೌರವಧನಕ್ಕಾಗಿ ಹಗಲೂ ರಾತ್ರಿ ಕುಳಿತವರಲ್ಲಿ ಅವರೂ ಒಬ್ಬರು. ಅವರ ಮಾತನ್ನು ಅವರದೇ ಬಾಯಲ್ಲಿ ಬರೆಯುತ್ತೇನೆ: “ಸರ್, ಬೆಂಗಳೂರಿಗೆ ಹೋಗಿ ಚಳ್ಯಾಗ ರೋಡಿನ ಮ್ಯಾಲ ಮಲಗೀವ್ರಿ. ಊರಾಗ ಓಟಿನ ದಿನ ಬಂದ್ರ ನಮ್ಮ ಮನ್ಯಾಗ ಗೌಡ್ರು ಹೇಳಿದವ್ರಿಗೇ ಹಾಕ್ತಾರ. ಸಂಘದ ಅಭ್ಯರ್ಥಿಗೆ ಹಾಕ್ರಿ ಅಂದ್ರ ‘ನಾಳಿ ಸ್ಟೇಷನ್ನಿಗೆ ಕರದ್ರ ಅವ ಬರ್ತಾನೇನ’ ಅಂತಾರ. ನಾ ಏನು ಹೇಳ್ಲಿರಿ?”

ಇಡೀ ಉಪನ್ಯಾಸದಲ್ಲಿ ನಾನು ಹೇಳಿದ್ದಕ್ಕಿಂತ ಆ ತಂಗಿಯ ಮನೆಯವರು ಕೇಳಿದ ಪ್ರಶ್ನೆ ಹೆಚ್ಚು ಖಚಿತವಾದದ್ದು. ನಮ್ಮ ಜಿಲ್ಲೆಗಳಲ್ಲಿ ಕೆಂಬಾವುಟದ ಸಂಘಟನೆಗಳಿಗೆ ಧರಣಿಯಲ್ಲಿ ಸಾವಿರಾರು ಜನ ಸಿಗುತ್ತಾರೆ, ಮತಪೆಟ್ಟಿಗೆಯಲ್ಲಿ ಸಿಗುವುದಿಲ್ಲ. ಅವರ ನಾಯಕರು ಕಟುವಾಗಿ ಮಾತಾಡುತ್ತಾರೆ ಎಂಬುದು ಇದಕ್ಕೆ ಕಾರಣವಲ್ಲ. ಪಿಂಚಣಿ ನಿಂತಾಗ, ರೇಷನ್ ಕಾರ್ಡಿನಲ್ಲಿ ಹೆಸರು ಬಿಟ್ಟುಹೋದಾಗ, ರಿಮ್ಸ್ ಆಸ್ಪತ್ರೆಯಲ್ಲಿ ಬೆಡ್ ಸಿಗದಿದ್ದಾಗ, ಪೊಲೀಸರು ಮಗನನ್ನು ಕರೆದೊಯ್ದಾಗ ಫೋನ್ ಮಾಡಿದರೆ ಎತ್ತುವವರು ಬೇರೆ ಪಕ್ಷದವರು. ಪಶ್ಚಿಮ ಬಂಗಾಳದ ಎಡರಂಗ 1977ರಲ್ಲಿ ಅಧಿಕಾರ ಹಿಡಿದ ಮರುವರ್ಷವೇ ಪಂಚಾಯಿತಿ ಚುನಾವಣೆ ನಡೆಸಿ, ಗೇಣಿದಾರರ ಹೆಸರನ್ನು ದಾಖಲೆಗೆ ಏರಿಸಲು ಹೊರಟಿತು. ಊರಿನ ದೊಡ್ಡವರ ಮನೆ ಬಾಗಿಲಿಗೆ ಹೋಗದೆ ಪಂಚಾಯಿತಿಯಲ್ಲೇ ಕೆಲಸ ಆಗುವಂತೆ ಮಾಡಿತು. 34 ವರ್ಷ ಅದು ನಿಂತದ್ದಕ್ಕೆ ಅದೊಂದು ದೊಡ್ಡ ಕಾರಣ. ಮುಂದೆ ಅದೇ ಪಂಚಾಯಿತಿಗಳಲ್ಲಿ ಪಕ್ಷದವರೇ ದೊಡ್ಡವರಾಗಿ ಕುಳಿತರು, ಕೈಗಾರಿಕೆಗೆ ರೈತರ ಭೂಮಿ ಕೇಳಿದರು, 2011ರಲ್ಲಿ ಸೋತರು.

ಆಕೆಗೆ ನಾನು ಹೇಳಿದ್ದು ಇಷ್ಟು: ನಿಮ್ಮ ಮನೆಯವರ ಪ್ರಶ್ನೆಯನ್ನು ಹಾಗೇ ಒಯ್ದು ಸಂಘದ ಮುಂದಿನ ಸಭೆಯಲ್ಲಿ ಇಡಿ. ಸ್ಟೇಷನ್ನಿಗೂ ತಹಶೀಲ್ ಕಚೇರಿಗೂ ಆಸ್ಪತ್ರೆಗೂ ಜೊತೆಗೆ ಬರುವ ಇಬ್ಬರ ಹೆಸರು ಮತ್ತು ಫೋನ್ ನಂಬರನ್ನು ಪ್ರತಿ ಹೋಬಳಿಗೂ ಬರೆದುಕೊಡಿ ಎಂದು ಕೇಳಿ. ಅಭ್ಯರ್ಥಿ ಯಾರೆಂಬ ಮಾತನ್ನು ಅದಾದ ಮೇಲೆ ತೆಗೆಯಬಹುದು.